ಹನ್ನೆರಡರ ಗಂಟೆಗೆ ನಿಲ್ಲುತ್ತಿದ್ದ ಮಿಷನ್ನುಗಳು

ಮೊನ್ನೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಧೋ ಎಂದು ಹುಯ್ಯುತ್ತಿತ್ತು. ಪಕ್ಕದಲ್ಲಿ ಒಬ್ಬಳು ತಾಯಿ, ಅವಳ ಸೆರಗು ಜಗ್ಗುತ್ತ ನಿಂತ ಪುಟ್ಟ ಮಗಳು. ಮಗಳಿಗೆ ಶಾಲೆಯ ಸಮವಸ್ತ್ರ: ಬಿಳಿ ಅಂಗಿ, ಬೂದು ಚೌಕಳಿಯ ಸ್ಕರ್ಟು, ಸ್ಕರ್ಟಿನ ಅಂಚಿಗೆ ನಾಲ್ಕು ಬೆರಳಗಲದ ನೀಲಿ ಪಟ್ಟಿ. ಆ ಪಟ್ಟಿ ನೋಡಿದ್ದೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಈ ಪಟ್ಟಿ ಎಂತಕೆ ಇದೆ ಗುತ್ತುಂಟಾ?" ಎಂದು ಆ ತಾಯಿಯನ್ನೇ ಕೇಳಿಬಿಟ್ಟೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಂತಕೆ ಅಂದ್ರೆ? ಡಿಸೈನು. ನಾ ಶಾಲೆಗೆ ಹೋಗೂವಾಗ್ಲೂ ಹೀಂಗೇ ಇತ್ತು."

ಡಿಸೈನಂತೆ! ನಗು ತಡೆಯಲು ಕೊಡೆ ಬಿಡಿಸುವ ನಾಟಕ ಮಾಡಿದೆ. ಅದು ಡಿಸೈನೂ ಅಲ್ಲ, ಚಂದಕ್ಕೆ ಹಚ್ಚಿದ್ದೂ ಅಲ್ಲ. ಅದರ ಹಿಂದೆ ಒಂದು ಸುಳ್ಳು ಇದೆ, ಕೆಸರಿನಲ್ಲಿ ಹೂತುಹೋದ ಒಂದು ಬೂಟಿದೆ, ಒಂದು ಇಡೀ ವಾರ ಉಸಿರು ಬಿಗಿಹಿಡಿದು ಕೂತ ನಾವಿದ್ದೇವೆ. ಬಸ್ಸು ಬಂತು. ಕಿಟಕಿಯ ಪಕ್ಕ ಕೂತೆ. ಅವರ್ಸಾ ಬರುವತನಕ ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಪಿಯುಸಿ ಮುಗಿಸಿ, ಅವರ್ಸಾದಲ್ಲೇ ಹೊಲಿಗೆ ಕಲಿತು, ದಿನವೂ ಬೆಳಗಿನ ಬಸ್ಸು ಹಿಡಿದು ಕಾರವಾರಕ್ಕೆ ಬಾಸ್ತ್ಯಾಂವ ಮಾಸ್ತರರ ಟೇಲರಿಂಗ್ ಅಂಗಡಿಗೆ ಹೋಗುತ್ತಿದ್ದೆ. ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ಓಣಿಯಲ್ಲಿ ಹಂಚಿನ ಮಾಡಿನ ಉದ್ದನೆಯ ಅಂಗಡಿ. ಮಾಸ್ತರರು ಕ್ರೈಸ್ತರು, ಅವರ ಅಪ್ಪನೂ ದರ್ಜಿಯೇ. ಹೆಂಡತಿ ರೊಜಾಬಾಯಿ ಕಾಜಾ ಮಾಡಿ ಗುಂಡಿ ಹಚ್ಚುವವರು. ನಾವು ಮಿಷನ್ನಿನ ಮೇಲೆ ಕೂರುವ ಹೆಂಗಸರು ಏಳೆಂಟು ಮಂದಿ. ಬಟ್ಟೆ ಕತ್ತರಿಸುವವನು ಬೆಳಂಬಾರದ ಮಂಜುನಾಥ. ನಮಗೆಲ್ಲ ಮಂಜಣ್ಣ. ಮಾತು ಕಡಿಮೆ, ಕೋಪ ಅದಕ್ಕಿಂತ ಕಡಿಮೆ. ಕಾದ ಇಸ್ತ್ರಿಪೆಟ್ಟಿಗೆ, ಹಸಿ ಹತ್ತಿ ಬಟ್ಟೆ, ರೊಜಾಬಾಯಿಯ ಶುಂಠಿ ಚಹಾ, ಈ ಮೂರು ಸೇರಿದ ವಾಸನೆ ಆ ಅಂಗಡಿಯದು. ಇವತ್ತಿಗೂ ಎಲ್ಲಾದರೂ ಬಂದರೆ ನನ್ನ ಕಾಲು ತಾನಾಗೇ ಪೆಡಲು ಹುಡುಕುತ್ತದೆ.

ಮಾಸ್ತರರು ಒಳ್ಳೆಯವರು ಎಂದರೆ ಅರ್ಧ ಸತ್ಯ. ಮುಂಗೋಪಿ. ಬಟ್ಟೆಯಿಲ್ಲದೆ ಖಾಲಿ ಮಿಷನ್ ಮೆಟ್ಟಿದರೆ ಸಾಕು, ಕೆಂಡವಾಗುತ್ತಿದ್ದರು. "ಅನ್ನ ಇಲ್ದೆ ಬಾಯಿ ಜಗದ್ರೆ ಹೊಟ್ಟೆ ತುಂಬ್ತದಾ ಗೊ?" ಎಂದು ಕೂಗುತ್ತಿದ್ದರು. ಆದರೆ ಅವರ ದೇವರು ಇಗರ್ಜಿಯಲ್ಲಿ ಮಾತ್ರ ಇರುವವನಲ್ಲ, ಅಂಗಡಿಗೂ ಬಂದು ಕೂರುವವನು. ಭಾನುವಾರ ಯಾರೂ ಮಿಷನ್ ಮುಟ್ಟಕೂಡದು, ಮದುವೆಯ ಕೋಟೇ ಇರಲಿ. ಚೌತಿಗೆ ನಾವು ಕೇಳುವ ಮೊದಲೇ ರಜೆ. ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹಬ್ಬಕ್ಕೆ ಇಗರ್ಜಿಯಿಂದ ತಂದ ಹೊಸ ಭತ್ತದ ತೆನೆಯನ್ನು ಮನೆಯವರಿಗೆ ಹಂಚುವಾಗ ನಮಗೂ ಒಂದೊಂದು ತೆನೆ. ನಮ್ಮಲ್ಲೂ ಹೊಸತು ಊಟದ ಹಬ್ಬ ಇದೆಯಲ್ಲ, ಅವ್ವ ಅದನ್ನು ನಮ್ಮ ತೆನೆಯ ಜೊತೆಗೇ ಬಾಗಿಲಿಗೆ ಕಟ್ಟುತ್ತಿದ್ದಳು.

ಎಲ್ಲಕ್ಕಿಂತ ವಿಚಿತ್ರ ಅಂಗಡಿಯ ಎರಡು ಪದ್ಧತಿ. ಒಂದು ಖುರ್ಸಿನದು. ಮಿಲ್ಲಿನಿಂದ ಬಂದ ಹತ್ತಿ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ನೀರು ಕಂಡು ಒಣಗಿದ ಬಟ್ಟೆಯ ತಾನಿನ ಮೂಲೆಗೆ ಮಾಸ್ತರರು ಚಾಕ್‌ಪೀಸಿನಲ್ಲಿ ಸಣ್ಣದೊಂದು ಖುರ್ಸು, ಅದೇ ಏಸುವಿನ ಶಿಲುಬೆ, ಎಳೆಯುತ್ತಿದ್ದರು. ಅದು ಪ್ರಾರ್ಥನೆಯೂ ಹೌದು, ಅಪ್ಪಣೆಯೂ ಹೌದು. ಖುರ್ಸು ಕಂಡರೆ ಮಂಜಣ್ಣ ಕತ್ತರಿ ಇಡುತ್ತಿದ್ದ, ಕಾಣದಿದ್ದರೆ ದೇವರು ಬಂದು ಹೇಳಿದರೂ ಇಡುತ್ತಿರಲಿಲ್ಲ.

ಇನ್ನೊಂದು, ಹನ್ನೆರಡರ ಗಂಟೆ. ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದೊಡನೆ ಎಲ್ಲ ಮಿಷನ್ನೂ ನಿಲ್ಲಬೇಕು. ಮಾಸ್ತರರೂ ರೊಜಾಬಾಯಿಯೂ ನಿಂತು ಪ್ರಾರ್ಥನೆ ಹೇಳುತ್ತಿದ್ದರು, ನಾವು ಸುಮ್ಮನೆ ಕೂತಿರುತ್ತಿದ್ದೆವು. ಮುಗಿದ ಮೇಲೆ ಮಾಸ್ತರರು, "ಹೇಳೂದಿದ್ರೆ ಹೇಳಿ" ಎನ್ನುತ್ತಿದ್ದರು. ಬೆಳಗಿನಿಂದ ಯಾರು ಏನು ಕೆಡಿಸಿದ್ದರೂ ಆಗ ಎದ್ದು ಎಲ್ಲರೆದುರು ಹೇಳಬೇಕು. ತೋಳು ತಿರುಗಾ ಮುರುಗಾ ಕೂತಿತು, ಕಾಲರು ಸುಟ್ಟಿತು, ಏನೇ ಆಗಲಿ. ಹೇಳಿದವರಿಗೆ ಮಾಸ್ತರರ ಉತ್ತರ ಯಾವಾಗಲೂ ಒಂದೇ: "ಹೇಳ್ದ್ಯಲ್ಲ, ಮುಗೀತು. ಮಿಷನ್ ಮೆಟ್ಟು." ಅಷ್ಟೇ! ಬೈಗುಳವಿಲ್ಲ, ಮುಖ ಗಂಟಿಲ್ಲ. ಮತ್ತೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ನಾನೊಮ್ಮೆ ಒಂದು ಜಂಪರು ಹಾಳು ಮಾಡಿ ಹೇಳಿದ ಮರುದಿನ ಪಕ್ಕದ ಮಿಷನ್ನಿನ ಕದ್ವಾಡದ ಶಾಂತಿ ನನ್ನನ್ನು ಚೇಷ್ಟೆ ಮಾಡಿದಳು. ಮಾಸ್ತರರು ಅವಳ ಮೇಲೆ ಉರಿದುಬಿದ್ದರು: "ದೇವ್ರು ಮರ್ತದ್ದನ್ನ ನೆನಪು ಮಾಡೂಕೆ ನೀ ಯಾರು ಗೊ?" ಬೇರೆ ಅಂಗಡಿಗಳಲ್ಲಿ ಕೆಲಸ ಮಾಡಿ ಬೈಸಿಕೊಂಡು ಬಂದ ನಮಗೆ ಇದು ಸ್ವರ್ಗವೇ. ತಪ್ಪು ಮುಚ್ಚಿಡುವ ಕೆಲಸವಿಲ್ಲದಿದ್ದರೆ ಕೈ ಎಷ್ಟು ಹಗುರವಾಗಿ ಓಡುತ್ತದೆ ಅಂತೀರಿ!

ಆ ವರ್ಷ ಶಾಲೆಯೊಂದರ ಸಮವಸ್ತ್ರದ ಕೆಲಸ ಪೂರ್ತಿ ನಮಗೇ ಸಿಕ್ಕಿತು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಬಂದ ಮನೆಗಳ ಮಕ್ಕಳೂ ಸೇರಿ ಶಾಲೆ ತುಂಬಿ ತುಳುಕುತ್ತಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಎತ್ತ ನೋಡಿದರೂ ಬೂದು ಚೌಕಳಿ. ನಮಗೆಲ್ಲ ಜಾತ್ರೆಯ ಉಮೇದು. ಇದೊಂದು ಚಲೋ ಆದರೆ ಪ್ರತಿ ವರ್ಷವೂ ನಮ್ಮದೇ, ಮಳೆಗಾಲದಲ್ಲಿ ಯಾರೂ ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕಿಲ್ಲ. ಆದರೆ ಮಳೆ ಮೊದಲೇ ಹಿಡಿಯಿತು. ನೆನೆಸಿದ ಬಟ್ಟೆ ಒಣಗದು. ಒಣಗಿದ್ದು, ಒಣಗದ್ದು, ನೀರೇ ಕಾಣದ್ದು, ಎಲ್ಲ ಒಂದರ ಪಕ್ಕ ಒಂದು. ಮಾಸ್ತರರು ಗಡಿಬಿಡಿಯಲ್ಲಿ ಓಡಾಡುತ್ತಿದ್ದರು.

ಶಾಂತಿಯ ಮಗಳು ಅದೇ ಶಾಲೆಗೆ ಹೋಗುವವಳು. ಶಾಲೆ ಶುರುವಾಗಲು ಇನ್ನು ಹತ್ತು ಹನ್ನೊಂದು ದಿನವಿದೆ ಎನ್ನುವಾಗ ಶಾಂತಿ ಒಂದು ಸ್ಕರ್ಟನ್ನು ಆಸೆಯಿಂದ ಮನೆಗೆ ಒಯ್ದು ಮಗಳಿಗೆ ತೊಡಿಸಿದಳು. ಹುಡುಗಿ ಅದನ್ನು ಹಾಕಿಕೊಂಡೇ ಮಳೆಯಲ್ಲಿ ಕುಣಿದಳು. ಮರುದಿನ ಶುಕ್ರವಾರ ಶಾಂತಿ ಸ್ಕರ್ಟನ್ನು ತಂದು ಕತ್ತರಿಸುವ ಮೇಜಿನ ಮೇಲೆ ಹಾಸಿದಳು. ಮೊಣಕಾಲು ಮುಚ್ಚಬೇಕಾದ ಸ್ಕರ್ಟು ನಾಲ್ಕು ಬೆರಳು ಕುಗ್ಗಿ ಮೊಣಕಾಲಿನ ಮೇಲೆ ಹೋಗಿತ್ತು.

ಮಾಸ್ತರರ ಮುಖ ಬಿಳಿಚಿತು. "ಮಂಜುನಾಥ! ನೀರಿಗೆ ಹಾಕದೇ ಕತ್ರಿಸ್ದ್ಯಾ?"

"ಖುರ್ಸು ಇತ್ತು ಮಾಸ್ತರೆ. ನೀವು ಹಾಕಿದ್ದೇ," ಎಂದ ಮಂಜಣ್ಣ.

"ಸುಳ್ಳ! ಸುಳ್ಳು ಹೇಳ್ತಿ ನೀನು!"

ಆ ಶಬ್ದ ಅಲ್ಲಿ ಯಾರೂ ಯಾರಿಗೂ ಅಂದದ್ದಲ್ಲ. ತಪ್ಪು ಹೇಳಿಕೊಂಡರೆ ಮುಗಿಯುವ ಜಾಗದಲ್ಲಿ ಸುಳ್ಳನೆಂದು ಕರೆಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನವೇನಿದೆ? ಮಂಜಣ್ಣ ಕತ್ತರಿಯನ್ನು ಒರೆಸಿ, ಮೇಜಿನ ಮೇಲೆ ಮೆಲ್ಲನೆ ಇಟ್ಟು, ಕೊಡೆ ಹಿಡಿದು ಹೊರಟುಹೋದ. ಹಿಂದಿರುಗಿ ನೋಡಲಿಲ್ಲ.

ಶನಿವಾರ ಸಂಜೆ ನಾನು ನೆಲದ ಮೇಲಿನ ಚಿಂದಿ ಬಟ್ಟೆ ಬಳಿದು ಮೂಟೆ ಕಟ್ಟುತ್ತಿದ್ದೆ. ಬೂದು ಚೌಕಳಿಯ ಮೂಲೆಯ ತುಂಡೊಂದು ಕೈಗೆ ಸಿಕ್ಕಿತು. ಅದರ ಮೇಲೆ ಮಿಲ್ಲಿನ ಕಾಗದದ ಚೀಟಿ ಅಂಟಿಕೊಂಡೇ ಇತ್ತು. ನೀರು ಕಂಡಿದ್ದರೆ ಆ ಚೀಟಿ ಕಿತ್ತುಹೋಗದೆ ಇರುತ್ತದೆಯೇ? ಚೀಟಿಯ ಪಕ್ಕದಲ್ಲೇ ಚಾಕ್‌ಪೀಸಿನ ಖುರ್ಸು, ಬಲಗಡೆ ಸ್ವಲ್ಪ ವಾಲಿದ್ದು, ಮಾಸ್ತರರ ಕೈಯದು. ಓಡಿಹೋಗಿ ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ತುಂಡನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, "ನಿನ್ನ ಬಸ್ಸಿಗೆ ಹೊತ್ತಾಯ್ತು ಬಾಯೆ" ಎಂದರು. ನನಗೆ ಸಿಟ್ಟು ಬಂತು. ಇಷ್ಟೇನಾ ಎನಿಸಿತು.

ಮರುದಿನ ಭಾನುವಾರ. ನಾನು ಮನೆಯಲ್ಲಿ ಮೀನು ತೊಳೆಯುತ್ತಿದ್ದೆ. ಅವ್ವ ಅಂಗಳದಿಂದ ಓಡಿಬಂದಳು.

"ಏ ವನಿತಾ, ನಿನ್ನ ಮಾಸ್ತರು ಬಂದಾರೆ! ಮದ್ಮಗನ ಹಾಂಗೆ ಕೋಟು ಹಾಕ್ಕಂಡು!"

ನಿಜಕ್ಕೂ ಕಪ್ಪು ಕೋಟು, ಮಿರುಗುವ ಬೂಟು, ಒದ್ದೆಯಾದ ಕೊಡೆ. ಇಗರ್ಜಿಯ ಪೂಜೆಗೆ ಹೋದವರು ನಡುವೆಯೇ ಎದ್ದು ಬಸ್ಸು ಹತ್ತಿದ್ದರು. ಎಲ್ಲರೂ ಪ್ರಸಾದ ಪಡೆಯಲು ಎದ್ದಾಗ ತನ್ನ ಕಾಲು ಮುಂದೆ ಬರಲಿಲ್ಲವಂತೆ. "ಒಬ್ಬನ್ನ ಸುಳ್ಳ ಅಂದ ಬಾಯಿಗೆ ಅದನ್ನ ಹ್ಯಾಂಗೆ ಹಾಕೂದು ಬಾಯೆ? ಮಂಜುನಾಥನ ಮನೆ ತೋರ್ಸ್ತ್ಯಾ?" ಎಂದರು.

ತೋರಿಸದೆ ಇರುತ್ತೇನೆಯೇ! ಮೀನನ್ನು ಅವ್ವನ ಕೈಗೆ ದಾಟಿಸಿ, ಕೈ ತೊಳೆದದ್ದೂ ನೆನಪಿಲ್ಲ, ಹೊರಟೆ. ಅಂಕೋಲೆಗೆ ಒಂದು ಬಸ್ಸು, ಅಲ್ಲಿಂದ ಬೆಳಂಬಾರಕ್ಕೆ ಟೆಂಪೋ. ಟೆಂಪೋದಲ್ಲಿ ಮೀನುಬುಟ್ಟಿಯ ಹೆಂಗಸರ ನಡುವೆ ಕೋಟು ಹಾಕಿದ ಮಾಸ್ತರರು. "ಎಲ್ಲಿ ಮದುವೆ?" ಎಂದು ಒಬ್ಬಳು ಕೇಳಿದಳು. ಅವರು ಕೋಟಿನ ಗುಂಡಿ ಸರಿಮಾಡಿಕೊಂಡರು, ನಾನು ಕಿಟಕಿಯತ್ತ ತಿರುಗಿ ನಕ್ಕೆ.

ಮಂಜಣ್ಣ ಗದ್ದೆಯಲ್ಲಿದ್ದ, ಮೊಣಕಾಲತನಕ ಕೆಸರು. ಮಾಸ್ತರರು ಗದ್ದೆಯ ಬದುವಿನ ಮೇಲೆ ಎರಡು ಹೆಜ್ಜೆ ಇಟ್ಟದ್ದೇ ಜಾರಿ ಒಂದು ಕಾಲನ್ನು ಗದ್ದೆಯೊಳಗೆ ಇಳಿಸಿಬಿಟ್ಟರು. ಕಾಲು ಬಂತು, ಬೂಟು ಬರಲಿಲ್ಲ. ಮಂಜಣ್ಣ ಬಂದು ತೋಳು ಹಿಡಿದು ನಿಲ್ಲಿಸಿದ, ಕೆಸರಿನಲ್ಲಿ ಕೈ ಹಾಕಿ ಬೂಟು ಹುಡುಕಿ ತೆಗೆದ, ಕಾಲುವೆಯಲ್ಲಿ ತೊಳೆದು ಅವರ ಮುಂದಿಟ್ಟ. ಮಾಸ್ತರರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ಮಳೆಯ ನೀರಲ್ಲ ಅದು. ಕಿಸೆಯಿಂದ ಆ ತುಂಡು ತೆಗೆದು ಚಾಚಿದರು.

"ಖುರ್ಸು ನಂದೇ, ಮಂಜುನಾಥ. ನೀರು ಕಾಣದ ತಾನಿಗೆ ಹಾಕ್ದೆ. ತಪ್ಪಾಯ್ತು."

"ನಂಗೆ ಗುತ್ತಿತ್ತು ಮಾಸ್ತರೆ," ಎಂದ ಮಂಜಣ್ಣ, ತುಂಡನ್ನು ಮುಟ್ಟಲೂ ಇಲ್ಲ. "ಆದ್ರೆ ಇದನ್ನ ಇಲ್ಲಿ ಗದ್ದೇಲಿ ಎಂತಕೆ ಹೇಳ್ತ್ರಿ? ಸುಳ್ಳ ಅಂದದ್ದು ಅಂಗಡೀಲಿ, ಎಲ್ಲರೆದುರಿಗೆ. ಅಲ್ಲೇ ಹೇಳಿ, ಗಂಟೆ ಹೊಡ್ದ ಮೇಲೆ. ನಾವೆಲ್ಲ ಹಾಂಗೇ ಹೇಳ್ತೇವಲ್ಲ."

ಮಾಸ್ತರರು ತುಂಡನ್ನು ಮತ್ತೆ ಮಡಚಿ ಕಿಸೆಗೆ ಹಾಕಿಕೊಂಡರು.

"ಮಕ್ಳ ಬಟ್ಟೆ ಹಾಳಾಗೂದು ಬ್ಯಾಡ. ಅದಕೆ ನಾಳೆ ಬರ್ತೆ," ಎಂದ ಮಂಜಣ್ಣ. "ಆದ್ರೆ ನೀವು ಹೇಳೂ ತನಕ ನಿಮ್ಮ ಹತ್ರ ಮಾತಿಲ್ಲ. ಕೆಲ್ಸ ಮುಗ್ದ ಮೇಲೂ ಹೇಳ್ದಿದ್ರೆ, ಮತ್ತೆ ಬರೂದಿಲ್ಲ."

ಸೋಮವಾರ ಬಂದ. ಗದ್ದೆಯಲ್ಲಿ ನಡೆದದ್ದನ್ನು ನಾನು ಅಷ್ಟರೊಳಗೆ ಎಲ್ಲರ ಕಿವಿಗೂ ಹಾಕಿದ್ದೆ. ಎಂಥ ವಾರ ಅದು! ಯಾವುದು ನೀರು ಕಂಡ ಬಟ್ಟೆಯದೆಂದು ಈಗ ತಿಳಿಯದು, ಹಾಗಾಗಿ ಹೊಲಿದ ಸ್ಕರ್ಟುಗಳನ್ನೆಲ್ಲ ನೀರಿಗೆ ಹಾಕಿ ಈಗಲೇ ಕುಗ್ಗಿಸಿಬಿಡುವುದು, ಆಮೇಲೆ ಅಂಚಿಗೆ ಬೇರೆ ಬಟ್ಟೆ ಕೂಡಿಸಿ ಉದ್ದ ಮಾಡುವುದು, ಇದು ರೊಜಾಬಾಯಿಯ ಉಪಾಯ. ಸೊಂಟಕ್ಕೆ ಎಲಾಸ್ಟಿಕ್ ಇದ್ದದ್ದೇ ಪುಣ್ಯ. ಹುಡುಗರ ಚಡ್ಡಿಯ ನೀಲಿ ಬಟ್ಟೆ ನೀರು ಕಂಡು ಒಣಗಿದ್ದು ಬೇಕಾದಷ್ಟಿತ್ತು. ಒಂದಕ್ಕೆ ಪಟ್ಟಿ ಹಚ್ಚಿ ರೊಜಾಬಾಯಿ ಶಾಲೆಯ ಹೆಡ್ ಅಕ್ಕೋರಿಗೆ ತೋರಿಸಲು ಒಯ್ದರು, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಅಕ್ಕೋರು ಸ್ಕರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇ ಚಲೋ ಕಾಣ್ತದೆ. ಮೊದ್ಲೇ ಹೀಂಗೆ ಹೊಲೀಬಾರದಿತ್ತಾ?" ಎಂದರಂತೆ. ನಾವು ಬಿದ್ದೂ ಬಿದ್ದೂ ನಕ್ಕೆವು.

ಒಣಗಿಸುವುದೆಲ್ಲಿ? ಇಗರ್ಜಿಯ ಸಭಾಂಗಣ ಕೇಳಿದೆವು. ಪಾದ್ರಿಗಳು ಬಾಗಿಲು ತೆಗೆಸಿ ಫ್ಯಾನುಗಳನ್ನೆಲ್ಲ ಹಾಕಿಸಿದರು. ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ಸಾಲು ಸಾಲು ಚೌಕಳಿ ಸ್ಕರ್ಟು. ಹೊರಗೆ ಮಳೆ, ಒಳಗೆ ಫ್ಯಾನಿನ ಗಾಳಿಗೆ ಹಾರಾಡುವ ನೂರಾರು ಸ್ಕರ್ಟು! ಕರೆಂಟು ಹೋದರೆ ನಾವೇ ಹಳೆಯ ರಟ್ಟು ಹಿಡಿದು ಗಾಳಿ ಬೀಸುತ್ತಿದ್ದೆವು. ಬೇರೆ ಬೇರೆ ಜಾತಿ, ಬೇರೆ ಬೇರೆ ಊರಿನ ನಾವು ಇಗರ್ಜಿಯೊಳಗೆ ಅಷ್ಟು ಗಲಾಟೆ ಮಾಡಿದ್ದು ಅದೇ ಮೊದಲು. ದಣಿವೇ ಗೊತ್ತಾಗಲಿಲ್ಲ. ಮಂಜಣ್ಣ ನೀಲಿ ಪಟ್ಟಿ ಕತ್ತರಿಸಿ ಕತ್ತರಿಸಿ ಕೊಡುವುದು, ನಾವು ಹೊಲಿಯುವುದು, ಮಿಷನ್ನುಗಳು ಒಂದರ ಹಿಂದೊಂದು ಓಡುವುದು.

ಆದರೆ ಹನ್ನೆರಡು ಆದೊಡನೆ ಎಲ್ಲರ ಕಣ್ಣು ಮಾಸ್ತರರ ಮೇಲೆ ಹೋಗುತ್ತಿತ್ತು. ಗಂಟೆ ಹೊಡೆಯುತ್ತಿತ್ತು, ಮಿಷನ್ನು ನಿಲ್ಲುತ್ತಿತ್ತು, ಪ್ರಾರ್ಥನೆ ಮುಗಿಯುತ್ತಿತ್ತು. ಮಾಸ್ತರರು ಬಾಯಿ ತೆರೆಯುತ್ತಿದ್ದರು. ನಾವು ಉಸಿರು ಹಿಡಿಯುತ್ತಿದ್ದೆವು. "ಹೇಳೂದಿದ್ರೆ ಹೇಳಿ" ಎಂದು ನಮಗೇ ಹೇಳಿ ಕೂತುಬಿಡುತ್ತಿದ್ದರು. ಸೋಮವಾರವೂ ಹಾಗೆಯೇ, ಮಂಗಳವಾರವೂ ಹಾಗೆಯೇ. ಬುಧವಾರ ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಎನಿಸಿತು. ಅದೇ ಬೀದಿಯಲ್ಲಿ ಅವರಪ್ಪನ ಕಾಲದಿಂದ ಧಣಿಗಳಾಗಿ ನಿಂತವರು. ಕೆಲಸದವರ ಮುಂದೆ ತಲೆ ತಗ್ಗಿಸಿದರೆಂದು ನಾಳೆ ಪೇಟೆಯಲ್ಲಿ ಆಡಿಕೊಳ್ಳುವುದಿಲ್ಲವೇ? ನನಗೂ ಅದು ಅರ್ಥವಾಗುತ್ತಿತ್ತು. ಆದರೆ ನಾವು ಹೇಳಿಕೊಳ್ಳುವಾಗ ನಮಗೂ ತಲೆ ಇತ್ತಲ್ಲ!

ಗುರುವಾರ ರೊಜಾಬಾಯಿ ಚಹಾ ಹಂಚುತ್ತ ಗಂಡನ ಮುಂದೆ ಲೋಟ ಕುಕ್ಕಿದರು. "ನಿನ್ನೆ ಸಂಜೆ ಹೋಗಿ ಪಾದ್ರಿಗಳ ಹತ್ರ ಹೇಳ್ಕಂಡು ಬಂದ್ರಂತೆ," ಎಂದು ನಮಗೆ ಕೇಳುವಂತೆಯೇ ಹೇಳಿದರು. "ಸುಳ್ಳ ಅಂದದ್ದು ಪಾದ್ರಿಗಳಿಗಾ?"

ಮಾಸ್ತರರು ಚಹಾ ಕುಡಿಯಲಿಲ್ಲ. ಶುಕ್ರವಾರವೂ ಹೇಳಲಿಲ್ಲ.

ಶನಿವಾರ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕೊನೆಯ ಗಂಟು ರಿಕ್ಷಾ ಹತ್ತಿ ಶಾಲೆಗೆ ಹೋಯಿತು. ಸೋಮವಾರ ಶಾಲೆ ಶುರು, ಒಂದು ಮಗುವಿಗೂ ಬಟ್ಟೆ ಇಲ್ಲವೆನ್ನುವಂತಿಲ್ಲ. ಗೆದ್ದಿದ್ದೆವು! ಆದರೆ ಯಾರೂ ನಗಲಿಲ್ಲ. ಮೇಜು ಖಾಲಿ, ಮಿಷನ್ನುಗಳ ಮೇಲೆ ಒಂದು ಎಳೆ ಬಟ್ಟೆಯಿಲ್ಲ. ಮಂಜಣ್ಣ ಕತ್ತರಿಯನ್ನು ಒರೆಸುತ್ತಿದ್ದ, ಅವತ್ತು ಒರೆಸಿದ ಹಾಗೆಯೇ. ಮೂಲೆಯಲ್ಲಿದ್ದ ಕೊಡೆಯನ್ನು ತಂದು ಪಕ್ಕದಲ್ಲಿಟ್ಟುಕೊಂಡ. ಶಾಂತಿ ನನ್ನ ಕೈ ಹಿಡಿದಳು.

ಗಂಟೆ ಹೊಡೆಯಿತು. ಮಾಸ್ತರರು ಎದ್ದರು, ಪ್ರಾರ್ಥನೆ ಹೇಳಿದರು. ಮುಗಿದ ಮೇಲೆ ಕೂರಲಿಲ್ಲ. ನಾವು ತಪ್ಪು ಹೇಳುವಾಗ ಎಲ್ಲಿ ನಿಲ್ಲುತ್ತಿದ್ದೆವೋ ಅಲ್ಲಿಗೆ, ಮೇಜಿನ ಈಚೆಗೆ, ನಡೆದುಬಂದು ನಿಂತರು. ಕನ್ನಡಕ ತೆಗೆದರು. ಕಿಸೆಯಿಂದ ಆ ತುಂಡು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಂಗೆ ಹೇಳೂದುಂಟು," ಎಂದರು. "ನೀರು ಕಾಣದ ಬಟ್ಟೆಗೆ ಖುರ್ಸು ಹಾಕ್ದೋನು ನಾನು. ಮಂಜುನಾಥ ಹೇಳಿದ್ದು ಸತ್ಯ. ಏಸುವಿನ ಗುರುತು ಹಾಕಿ ಸುಳ್ಳ ಆದದ್ದು ನಾನು, ಮತ್ತೆ ಸುಳ್ಳ ಅಂದದ್ದು ಅಂವಗೆ. ಇಷ್ಟು ದಿನ ಹೇಳೂಕೆ ಬಾಯಿ ಬರ್ಲಿಲ್ಲ. ಅದೂ ತಪ್ಪು."

ಕೈಗಳನ್ನು ಇಳಿಬಿಟ್ಟು ನಿಂತರು, ನಾವು ನಿಲ್ಲುತ್ತಿದ್ದ ಹಾಗೆಯೇ, ಉತ್ತರಕ್ಕೆ ಕಾಯುತ್ತ. ಆದರೆ ಆ ಉತ್ತರ ಹೇಳುವವರು ಯಾವಾಗಲೂ ಅವರೇ. ಈಗ ಹೇಳುವವರು ಯಾರು? ಹಂಚಿನ ಮೇಲೆ ಮಳೆ ಸದ್ದು ಮಾಡುತ್ತ ಸುರಿಯುತ್ತಿತ್ತು. ರೊಜಾಬಾಯಿ ಗುಂಡಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

ಮಂಜಣ್ಣ ಎದ್ದ. ಕೊಡೆಯನ್ನು ತೆಗೆದುಕೊಂಡು ಹೋಗಿ ಮತ್ತೆ ಮೂಲೆಗೆ ಒರಗಿಸಿದ. ಮಾಸ್ತರರ ಎದುರು ಬಂದು ನಿಂತ.

"ಹೇಳಿದ್ರಲ್ಲ ಮಾಸ್ತರೆ, ಮುಗೀತು," ಎಂದ. ಆಮೇಲೆ ನಮ್ಮ ಕಡೆಗೆ ತಿರುಗಿದ, ಮುಖದಲ್ಲಿ ನಗು ತುಂಬಿ ಬರುತ್ತಿತ್ತು. "ಹೂಂ, ಎಂತ ನೋಡ್ತ್ರಿ? ಮಿಷನ್ ಮೆಟ್ಟಿ!"

ಮೆಟ್ಟುವುದಕ್ಕೆ ಒಂದು ತುಂಡು ಬಟ್ಟೆಯಿರಲಿಲ್ಲ. ಆದರೂ ಮೊದಲು ಶಾಂತಿ ಮೆಟ್ಟಿದಳು, ಆಮೇಲೆ ನಾನು, ಆಮೇಲೆ ಎಲ್ಲರೂ. ಏಳೆಂಟು ಖಾಲಿ ಮಿಷನ್ನುಗಳು ಒಟ್ಟಿಗೆ ಗಡಗಡ ಓಡಿದವು, ಮಳೆಯ ಸದ್ದು ಮುಳುಗಿಹೋಯಿತು. ನಾವು ಅಳುತ್ತಿದ್ದೆವು, ನಗುತ್ತಿದ್ದೆವು, ಮೆಟ್ಟುತ್ತಿದ್ದೆವು. ಖಾಲಿ ಮಿಷನ್ ಮೆಟ್ಟಿದರೆ ಕೆಂಡವಾಗುವ ಮಾಸ್ತರರು ನಡುವೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು, ಅವತ್ತು ಯಾರಿಗೂ ಬೈಯಲಿಲ್ಲ.